ತಳವಿಲ್ಲದ ಕುಂಡಗಳಲ್ಲಿ ಗಿಡ ಬೆಳೆಸಿದ ನನ್ನ ಅನುಭವ

ನನ್ನ ಕೈತೋಟದ ನೆಲದಲ್ಲಿ ಇಟ್ಟಿರುವ ದೊಡ್ಡ ಕುಂಡಗಳಲ್ಲಿ ಹೆಚ್ಚಿನವಕ್ಕೆ ಈಗ ತಳವಿಲ್ಲ. ನೋಡುವವರಿಗೆ ಅವು ಮಾಮೂಲಿ ಕುಂಡಗಳಂತೆಯೇ ಕಾಣುತ್ತವೆ. ಆದರೆ ಒಳಗಿನ ಮಣ್ಣು ನೆಲದ ಮಣ್ಣಿನೊಂದಿಗೆ ಕೂಡಿಕೊಂಡಿರುವುದರಿಂದ ಬೇರುಗಳು ತಮಗೆ ಬೇಕಾದಷ್ಟು ಆಳಕ್ಕೆ ಇಳಿಯುತ್ತವೆ. ಕುಂಡದ ಅಂದವೂ ಇರಲಿ, ನಿತ್ಯ ನೀರು ಹೊರುವ ಕೆಲಸವೂ ತಪ್ಪಲಿ ಎನ್ನುವವರಿಗೆ ಇದು ಒಳ್ಳೆಯ ದಾರಿ. ಈ ವಿಧಾನದ ಬಗ್ಗೆ ಕೇಳುವವರೆಲ್ಲ ಮೊದಲು ವಿಚಾರಿಸುವುದು ತಳವನ್ನು ಕತ್ತರಿಸುವುದು ಹೇಗೆ ಎಂದು. ಅದು ಅರ್ಧ ಗಂಟೆಯ ಕೆಲಸ. ಕುಂಡದ ಮಣ್ಣನ್ನೂ ನೆಲದ ಮಣ್ಣನ್ನೂ ಒಂದು ಮಾಡುವುದೇ ನಿಜವಾದ ಕೆಲಸ.

ತಳವಿರುವ ಕುಂಡದಲ್ಲಿ ಎಷ್ಟೇ ತೂತುಗಳಿದ್ದರೂ ನೀರು ಪೂರ್ತಿಯಾಗಿ ಬಸಿದು ಹೋಗುವುದಿಲ್ಲ. ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕುಂಡದ ಅಡಿಯಲ್ಲಿ ಸದಾ ಒದ್ದೆಯಾಗಿರುವ ಒಂದು ಪದರ ಉಳಿದುಕೊಳ್ಳುತ್ತದೆ, ಅಲ್ಲಿ ಗಾಳಿಯಿಲ್ಲದೆ ಬೇರುಗಳು ಕೊಳೆಯುತ್ತವೆ. ನೀರಿನಲ್ಲಿ ಅದ್ದಿದ ಸ್ಪಂಜನ್ನು ಎತ್ತಿ ಹಿಡಿದರೆ ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಂತುಹೋಗುತ್ತದೆ, ಆದರೂ ಅದರ ಕೆಳಭಾಗ ತೊಯ್ದೇ ಇರುತ್ತದೆ. ಅದೇ ಸ್ಪಂಜನ್ನು ಇನ್ನೊಂದು ಒಣ ಸ್ಪಂಜಿನ ಮೇಲೆ ಒತ್ತಿಟ್ಟರೆ ಉಳಿದ ನೀರಿನಲ್ಲಿ ಬಹುಪಾಲು ಕೆಳಕ್ಕೆ ಇಳಿಯುತ್ತದೆ. ತಳವಿಲ್ಲದ ಕುಂಡದಲ್ಲಿ ನಡೆಯುವುದು ಇಷ್ಟೇ. ಮಳೆಗಾಲದಲ್ಲಿ ಹೆಚ್ಚಾದ ನೀರನ್ನು ನೆಲ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇರು ತಾನೇ ಕೆಳಗಿಳಿದು ನೆಲದ ತೇವವನ್ನು ಹುಡುಕಿಕೊಳ್ಳುತ್ತದೆ.

ಇನ್ನೂ ಎರಡು ಲಾಭಗಳಿವೆ. ಮುಚ್ಚಿದ ಕುಂಡದಲ್ಲಿ ಬೇರುಗಳು ಗೋಡೆಗೆ ತಾಗಿ ಸುರುಳಿ ಸುತ್ತಿಕೊಳ್ಳುತ್ತವೆ, ಮರಜಾತಿಯ ಗಿಡಗಳಲ್ಲಿ ಆ ಸುರುಳಿಯೇ ಮುಂದೆ ಬುಡವನ್ನು ಬಿಗಿಯುವುದುಂಟು. ಗೊಬ್ಬರದ ಮತ್ತು ಗಡಸು ನೀರಿನ ಲವಣಗಳು ಅಲ್ಲಿ ಸೇರುತ್ತಾ ಹೋಗಿ ಮಣ್ಣಿನ ಮೇಲೆ ಬಿಳಿ ಪೊರೆಯಾಗಿ ಕಾಣಿಸಿಕೊಳ್ಳುತ್ತವೆ. ತಳವಿಲ್ಲದಿದ್ದರೆ ಲವಣಗಳು ನೀರಿನೊಂದಿಗೆ ಆಳಕ್ಕೆ ಹೋಗಿಬಿಡುತ್ತವೆ.

ಕತ್ತರಿಸುವ ವಿಷಯಕ್ಕೆ ಬರುತ್ತೇನೆ. ಮಣ್ಣಿನ ಕುಂಡವನ್ನು ನಾನು ಮೊದಲು ಬೆರಳಿನಿಂದ ತಟ್ಟಿ ನೋಡುತ್ತೇನೆ. ಠಣ್ ಎಂದರೆ ಸರಿ, ಬೊದ್ದೆಂದರೆ ಎಲ್ಲೋ ಸೀಳು ಬಿಟ್ಟಿದೆ ಎಂದರ್ಥ, ಅಂಥದ್ದನ್ನು ಕತ್ತರಿಸಲು ಹೋಗುವುದಿಲ್ಲ. ಚೆನ್ನಾಗಿರುವ ಕುಂಡವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರಳು ತುಂಬಿದ ಚೀಲದ ಮೇಲೆ ಬೋರಲು ಹಾಕಿ, ಅಂಚಿನಿಂದ ಬೆರಳಗಲ ಒಳಗೆ ಸೀಮೆಸುಣ್ಣದಿಂದ ಒಂದು ವೃತ್ತ ಎಳೆಯುತ್ತೇನೆ. ಆ ಗೆರೆಯುದ್ದಕ್ಕೂ ಗೋಡೆ ಕೊರೆಯುವ ಬಿಟ್ ಹಾಕಿದ ಡ್ರಿಲ್‌ನಿಂದ ಒತ್ತೊತ್ತಾಗಿ ತೂತುಗಳನ್ನು ಕೊರೆದು, ನಡುವೆ ಉಳಿದದ್ದನ್ನು ಸಣ್ಣ ಉಳಿಯಿಂದ ಮೆಲ್ಲಗೆ ಬಿಡಿಸಬೇಕು. ಡ್ರಿಲ್‌ನಲ್ಲಿ ಸುತ್ತಿಗೆಯಂತೆ ಬಡಿಯುವ ವ್ಯವಸ್ಥೆಯಿದ್ದರೆ ಅದನ್ನು ನಿಲ್ಲಿಸಿರಬೇಕು, ಇಲ್ಲದಿದ್ದರೆ ಕುಂಡ ಉಳಿಯುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೆರಳಗಲದ ಅಂಚನ್ನು ಬಿಡುವುದು ಗೋಡೆಯ ಬಲ ಉಳಿಯಲಿ ಎಂಬ ಕಾರಣಕ್ಕೆ. ಪ್ಲಾಸ್ಟಿಕ್ ಕುಂಡವಾದರೆ ಸಣ್ಣ ಗರಗಸ ಸಾಕು. ಹೇಗೂ ಕತ್ತರಿಸುವುದರಿಂದ, ತಳ ಬಿರಿದು ಮೂಲೆ ಸೇರಿದ ಬಕೆಟ್ಟುಗಳೂ ಡ್ರಮ್ಮುಗಳೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅಡ್ಡಗಲ 30 ಸೆಂಟಿಮೀಟರಿಗಿಂತ ಕಡಿಮೆಯಿರುವ ಕುಂಡಗಳಿಗೆ ಈ ಶ್ರಮ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನೆಲದ ಕೆಲಸ. ಕುಂಡ ಕೂರಿಸುವ ಜಾಗದಲ್ಲಿ ಒಂದು ಗುಂಡಿ ತೋಡಿ ನೀರು ತುಂಬಿಸಿ ಬಿಡುತ್ತೇನೆ. ಮರುದಿನವೂ ನೀರು ನಿಂತೇ ಇದ್ದರೆ ಆ ಜಾಗ ಬೇಡ, ಏಕೆಂದರೆ ಕೆಳಗಿನ ನೆಲವೇ ನೀರನ್ನು ಇಳಿಸದಿದ್ದರೆ ಕುಂಡದ ತಳ ತೆಗೆದು ಪ್ರಯೋಜನವಿಲ್ಲ. ನೀರು ಇಂಗಿದ್ದರೆ, ಹುಲ್ಲನ್ನು ಬೇರುಸಹಿತ ಕಿತ್ತು, ಕುಂಡದ ಬಾಯಿಗಿಂತ ಒಂದು ಗೇಣು ಅಗಲವಾಗಿ, 20ರಿಂದ 25 ಸೆಂಟಿಮೀಟರ್ ಆಳಕ್ಕೆ ಅಗೆದು ಹೆಂಟೆಗಳನ್ನು ಒಡೆಯುತ್ತೇನೆ. ಅಗೆದ ಮಣ್ಣಿನ ಎರಡು ಪಾಲಿಗೆ ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಿ ಅದನ್ನೇ ಕುಂಡಕ್ಕೂ ತುಂಬುತ್ತೇನೆ. ಅಂಗಡಿಯಿಂದ ತರುವ ಹಗುರ ಮಿಶ್ರಣವನ್ನು ಮಾತ್ರ ತುಂಬಿ ಗಟ್ಟಿ ಜೇಡಿಮಣ್ಣಿನ ಮೇಲೆ ಇಟ್ಟಿದ್ದ ಕುಂಡವೊಂದನ್ನು ಎತ್ತಿ ನೋಡಿದಾಗ ಇದರ ಅಗತ್ಯ ನನಗೆ ಸ್ಪಷ್ಟವಾಯಿತು: ಬೇರುಗಳು ಎರಡು ಮಣ್ಣುಗಳ ಗಡಿಯವರೆಗೆ ನೇರವಾಗಿ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ಚಾಪೆಯಂತೆ ಹೆಣೆದುಕೊಂಡಿದ್ದವು. ಕಣ್ಣಿಗೆ ತಳವಿರಲಿಲ್ಲ, ಬೇರುಗಳ ಪಾಲಿಗೆ ಇತ್ತು.

ಇದೇ ಕಾರಣಕ್ಕೆ ಸಂದಿಯಲ್ಲಿ ಜಲ್ಲಿ, ಹೆಂಚಿನ ಚೂರು, ಬಟ್ಟೆ ಯಾವುದನ್ನೂ ಹಾಕಬಾರದು. ನೀರು ಬಸಿಯಲಿ ಎಂದು ಜಲ್ಲಿ ಹಾಕುವ ರೂಢಿ ಬಹಳ ಕಡೆ ಇದೆ, ಆದರೆ ನುಣುಪಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲೆಯೇ ಅದು ಹರಿಯುತ್ತದೆ. ಕುಂಡವನ್ನು 5 ಸೆಂಟಿಮೀಟರಿನಷ್ಟು ನೆಲದೊಳಗೆ ಹೂತು, ಮಟ್ಟ ನೋಡಿ, ಮಣ್ಣು ತುಂಬಿ, ನೀರು ಹಾಕಿ ಕುಸಿಯಲು ಬಿಟ್ಟು, ಮತ್ತೆ ತುಂಬಿದ ಮೇಲೆ ಸಸಿ ನೆಡುತ್ತೇನೆ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು.

ನೆಟ್ಟ ಕೂಡಲೇ ಕೆಲಸ ಕಡಿಮೆಯಾಗುತ್ತದೆಂದು ಭಾವಿಸಬಾರದು. ಬೇರು ನೆಲ ಮುಟ್ಟುವವರೆಗೆ ಇದೂ ಬೇರೆ ಕುಂಡಗಳಂತೆಯೇ ಒಣಗುತ್ತದೆ, ಸುಡುಬಿಸಿಲಿನಲ್ಲಿ ನಿತ್ಯ ನೋಡಬೇಕಾಗುತ್ತದೆ. ಹೊಸ ಚಿಗುರು ಬಲವಾಗಿ ಬರತೊಡಗಿದ ಮೇಲೆ ನೀರಿನ ಸರದಿಯನ್ನು ದೂರ ಮಾಡುತ್ತಾ, ಒಮ್ಮೆ ಕೊಡುವ ಪ್ರಮಾಣವನ್ನು ಹೆಚ್ಚಿಸುತ್ತೇನೆ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಒಣ ಎಲೆಯ ಹೊದಿಕೆ ಹಾಕಿದರೆ ಕೆಳಗಿನಿಂದ ಎರೆಹುಳುಗಳು ಬರುತ್ತವೆ, ಮಣ್ಣು ಸಡಿಲಿಸುವ ಕೆಲಸ ಅವುಗಳದ್ದು. ಗೊಬ್ಬರ ಕಳಿತಂತೆಲ್ಲ ಕುಂಡದ ಮಣ್ಣು ಕುಸಿಯುವುದರಿಂದ ವರ್ಷಕ್ಕೊಮ್ಮೆ ಮೇಲಿನಿಂದ ತುಂಬಿಕೊಡಬೇಕು. ಗಿಡವನ್ನು ಕಿತ್ತು ಹೊಸ ಮಣ್ಣಿಗೆ ಬದಲಿಸುವ ತಾಪತ್ರಯ ಮಾತ್ರ ಪೂರ್ತಿ ತಪ್ಪಿದೆ.

ಗುಲಾಬಿ, ಮಲ್ಲಿಗೆ, ನಿಂಬೆಯಂಥ ದೀರ್ಘಕಾಲದ ಗಿಡಗಳಿಗೆ ಈ ವಿಧಾನ ಅತಿ ಹೆಚ್ಚು ಒಪ್ಪುತ್ತದೆ. ಬುಡ ಒದ್ದೆಯಾಗಿರುವುದನ್ನು ಸಹಿಸದ ಲೋಳೆಸರದಂಥವಕ್ಕೆ ಎತ್ತರದ ಕುಂಡವನ್ನು ಆರಿಸಿಕೊಳ್ಳುತ್ತೇನೆ. ಟೊಮೆಟೊವನ್ನು ಬಳೆಯಾಕಾರದ ತಳವಿಲ್ಲದ ಕುಂಡಗಳಲ್ಲಿ ನೆಟ್ಟು, ಗೊಬ್ಬರವನ್ನು ಬಳೆಯೊಳಗೂ ನೀರನ್ನು ಕೆಳಗಿನ ಜಲ್ಲಿ ಹಾಸಿಗೂ ಕೊಡುವ ಹಳೆಯ ಪದ್ಧತಿಯೊಂದಿದೆ. ಅಲ್ಲಿ ಹಾಸಿನಲ್ಲಿ ಸದಾ ನೀರಿರುವುದರಿಂದ ಜಲ್ಲಿ ಅಡ್ಡಿಯಾಗುವುದಿಲ್ಲ. ಪುದೀನದ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅದಕ್ಕೆ ತಳ ತೆಗೆದ ಆಳವಾದ ಬಕೆಟ್ಟನ್ನು, ಅಂಚು ಮಾತ್ರ 5 ಸೆಂಟಿಮೀಟರ್ ಮೇಲಿರುವಂತೆ ಪೂರ್ತಿ ಹೂಳುತ್ತೇನೆ. ಅದರ ಹಬ್ಬುವ ಕಾಂಡಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಓಡುವುದರಿಂದ ಗೋಡೆ ತಡೆಯುತ್ತದೆ, ಆದರೂ ಅಂಚು ದಾಟಿ ಬಾಗಿ ಬೇರು ಬಿಡುವ ಕುಡಿಗಳನ್ನು ಆಗಾಗ ಕತ್ತರಿಸದಿದ್ದರೆ ತೋಟವೆಲ್ಲ ಅದರದ್ದೇ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ತಾರಸಿ, ಸಿಮೆಂಟು ನೆಲ, ಹಾಸುಗಲ್ಲುಗಳ ಮೇಲೆ ತಳವಿಲ್ಲದ ಕುಂಡಕ್ಕೆ ಅರ್ಥವಿಲ್ಲ. ದೊಡ್ಡ ಮರದ ಸಮೀಪ ಇಟ್ಟರೆ ಮರದ ಬೇರುಗಳೇ ಗೊಬ್ಬರ ಮತ್ತು ನೀರಿನ ಆಸೆಗೆ ಕೆಳಗಿನಿಂದ ಮೇಲೇರಿ ಕುಂಡವನ್ನು ತುಂಬಿಬಿಡುತ್ತವೆ. ಇಲಿ, ಹೆಗ್ಗಣಗಳ ಕಾಟವಿರುವಲ್ಲಿ ಒಂದು ಸೆಂಟಿಮೀಟರ್ ಕಿಂಡಿಯ ತಂತಿ ಜಾಲರಿಯನ್ನು ಅಡಿಗೆ ಹಾಸಬಹುದು, ಆದರೆ ದಪ್ಪ ಬೇರು ಬಿಡುವ ಗಿಡಗಳಿಗೆ ಅದು ಮುಂದೆ ಉರುಳಾಗುವ ಸಾಧ್ಯತೆಯಿದೆ. ಇನ್ನು ಜಾಗ ಬದಲಿಸುವ ಮಾತು: ಮೊದಲ ಕೆಲವು ತಿಂಗಳಲ್ಲಾದರೆ ಕುಂಡದ ಅಡಿಗೆ ಚಪ್ಪಟೆ ಸಲಿಕೆಯನ್ನು ತೂರಿಸಿ ಬೇರನ್ನು ಕತ್ತರಿಸಿ ಎತ್ತಬಹುದು. ಬಲಿತ ಗಿಡವನ್ನು ಹಾಗೆ ಎತ್ತಿದರೆ ನೀರು ತರುವ ಬೇರುಗಳಲ್ಲಿ ಬಹುಪಾಲು ನೆಲದಲ್ಲೇ ಉಳಿದುಬಿಡುತ್ತವೆ, ಆದ್ದರಿಂದ ಕುಂಡ ಕೂರಿಸುವ ಮುನ್ನವೇ ಬಿಸಿಲು ಯಾವ ಕಡೆಯಿಂದ ಬರುತ್ತದೆ, ಗಿಡ ಎಷ್ಟು ಹರಡುತ್ತದೆ ಎಂಬುದನ್ನು ನೋಡಿಕೊಂಡು ಜಾಗ ಗೊತ್ತುಮಾಡುತ್ತೇನೆ.