ಹಳೆಯ ಸೀರಿಯಲ್ ಮತ್ತೆ ಮಾಡುವುದಾದರೆ ಮೊದಲು ಹಾಲ್‌ನಲ್ಲಿದ್ದ ಫೋನ್ ನೋಡಿ

ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ಒಂದು ಹಳೆಯ ಸೀರಿಯಲ್ಲನ್ನು ಮತ್ತೆ ಮಾಡುವ ಕೆಲಸ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಹಕ್ಕು ಸಿಕ್ಕಿದೆ, ಚಾನೆಲ್ ಒಪ್ಪಿದೆ. ಮೊದಲ ಮೀಟಿಂಗ್‌ನಲ್ಲಿ ಮಾತು ಹೋಗುವುದು ಎಲ್ಲಿಗೆ ಅಂದರೆ, ಹೀರೋಯಿನ್ ಯಾರು, ಮನೆ ಎಷ್ಟು ದೊಡ್ಡದಿರಬೇಕು, ಟೈಟಲ್ ಸಾಂಗ್ ಯಾರ ಹತ್ತಿರ ಹಾಡಿಸೋಣ. ಅವೆಲ್ಲ ಬೇಕು, ಆದರೆ ಈಗಲೇ ಬೇಡ.

ಮೊದಲು ಹಳೆಯ ಕಂತುಗಳನ್ನು ಕೂತು ನೋಡಿ. ಇಪ್ಪತ್ತಾದರೂ ನೋಡಿ. ನೆನಪನ್ನು ನಂಬಬೇಡಿ, ನೆನಪಿನಲ್ಲಿ ಉಳಿಯುವುದು ಹಾಡು ಮತ್ತು ಮುಖ ಮಾತ್ರ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಕಂತಿಗೆ ಒಂದೇ ಸಾಲು ಬರೆಯಿರಿ: ಇವತ್ತು ಈ ಮನೆಯಲ್ಲಿ ಯಾರು, ಯಾರಿಂದ, ಏನನ್ನು ಮುಚ್ಚಿಟ್ಟರು? ಇಪ್ಪತ್ತು ಸಾಲು ತುಂಬುವಷ್ಟರಲ್ಲಿ ಒಂದೇ ವಿಷಯ ಬೇರೆ ಬೇರೆ ವೇಷದಲ್ಲಿ ಬರುತ್ತಿರುವುದು ಕಾಣುತ್ತದೆ. ಅಪ್ಪನ ಸಾಲ ಇರಬಹುದು, ಮಗಳ ಕೆಲಸ ಇರಬಹುದು, ಮನೆ ಯಾರ ಹೆಸರಿಗೆ ಅನ್ನುವುದಿರಬಹುದು. ಆ ಮನೆಯ ಮುಗಿಯದ ಜಗಳ ಅದು. ನೀವು ಹೊತ್ತು ತರಬೇಕಾಗಿರುವುದು ಅದೊಂದನ್ನೇ, ಉಳಿದದ್ದನ್ನೆಲ್ಲ ಬದಲಾಯಿಸಬಹುದು.

ಇದನ್ನು ತುಂಬ ಚೆನ್ನಾಗಿ ಮಾಡಿದ ಒಂದು ಉದಾಹರಣೆ ಅಮೆರಿಕದ್ದು. 'ಪಾರ್ಟಿ ಆಫ್ ಫೈವ್' 1994ರಿಂದ 2000ರವರೆಗೆ ಬಂತು. ಕುಡಿದು ಗಾಡಿ ಓಡಿಸಿದವನೊಬ್ಬನಿಂದ ಅಪ್ಪ ಅಮ್ಮ ಸತ್ತು, ಐದು ಮಕ್ಕಳು ತಾವೇ ಮನೆ ನಡೆಸುವ ಕತೆ. 2020ರಲ್ಲಿ ಅದನ್ನೇ ಬರೆದಿದ್ದ ಆಮಿ ಲಿಪ್‌ಮನ್ ಮತ್ತು ಕ್ರಿಸ್ಟೋಫರ್ ಕೀಸರ್ ಮತ್ತೆ ಮಾಡಿದರು. ಈ ಸಲ ಅಪ್ಪ ಅಮ್ಮ ಸಾಯುವುದಿಲ್ಲ, ದಾಖಲೆ ಇಲ್ಲದ್ದಕ್ಕೆ ಅವರನ್ನು ಮೆಕ್ಸಿಕೊಗೆ ಗಡೀಪಾರು ಮಾಡುತ್ತಾರೆ. ಐದು ಮಕ್ಕಳು ಹಾಗೇ ಇದ್ದಾರೆ, ಮನೆಯವರ ಹೋಟೆಲ್ಲೂ ಇದೆ, 'ದೊಡ್ಡವರಿಲ್ಲದ ಮನೆಯಲ್ಲಿ ದೊಡ್ಡವರಾಗುವುದು ಯಾರು' ಅನ್ನುವ ಪ್ರಶ್ನೆಯೂ ಅದೇ. ಆದರೆ ನೋವು ಬೇರೆ. ಅಮ್ಮ ಬದುಕಿದ್ದಾಳೆ, ವಿಡಿಯೊ ಕಾಲ್‌ನಲ್ಲಿ ಸಿಗುತ್ತಾಳೆ, ಕೈಗೆ ಮಾತ್ರ ಸಿಗುವುದಿಲ್ಲ. ಹತ್ತು ಕಂತಿಗೇ ಅದು ನಿಂತುಹೋಯಿತು, ನಿಜ. ಆದರೂ ಒಂದೇ ಒಂದು ಕಾರಣ ಬದಲಾಯಿಸಿ ಇಡೀ ಕತೆಯನ್ನು ಇಂದಿನದಾಗಿ ಮಾಡುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಈಗ ಫೋನ್ ವಿಷಯ. ತೊಂಬತ್ತರ ದಶಕದ ಸೀರಿಯಲ್ ಮನೆಯಲ್ಲಿ ಫೋನ್ ಇರುತ್ತಿದ್ದುದು ಹಾಲ್‌ನಲ್ಲಿ, ಒಂದು ಸ್ಟೂಲ್ ಮೇಲೆ, ಕ್ರೋಶಾ ಬಟ್ಟೆಯ ಮೇಲೆ. ಅದು ರಿಂಗಾದರೆ ಮನೆಯವರೆಲ್ಲ ತಿರುಗುತ್ತಿದ್ದರು. ಮಗಳು ಎತ್ತಿ 'ರಾಂಗ್ ನಂಬರ್' ಅಂತ ಇಟ್ಟರೆ, ಅಡುಗೆಮನೆ ಬಾಗಿಲಲ್ಲಿ ನಿಂತ ಅಮ್ಮನಿಗೆ ಎಲ್ಲ ಗೊತ್ತಾಗುತ್ತಿತ್ತು. ಅರ್ಧ ಕತೆ ನಡೆಯುತ್ತಿದ್ದುದೇ ಹೀಗೆ ಕಿವಿಗೆ ಬಿದ್ದ ಮಾತಿನಿಂದ. ಈಗ ಪ್ರತಿಯೊಬ್ಬರ ಫೋನ್ ಅವರವರ ರೂಮಿನಲ್ಲಿ, ಅದೂ ಸೈಲೆಂಟ್‌ನಲ್ಲಿ. ನಾನು ಬರೆಯುತ್ತಿದ್ದ ಒಂದು ತಂಡದಲ್ಲಿ ಲ್ಯಾಂಡ್‌ಲೈನ್ ಜಾಗಕ್ಕೆ ಮೊಬೈಲ್ ಕೊಟ್ಟು ಹಳೆಯ ದೃಶ್ಯವನ್ನು ಹಾಗೇ ಶೂಟ್ ಮಾಡಿದರು. ಮಗಳು ಹಾಲ್‌ಗೆ ಬಂದು ಎಲ್ಲರೆದುರು ಗುಟ್ಟು ಮಾತಾಡುತ್ತಾಳೆ! ಯಾರು ನಂಬುತ್ತಾರೆ? ಹೊರಗೆ ಹೋಗಿ ಮಾತಾಡು ಅಂತ ನೋಡುವವರೇ ಹೇಳುತ್ತಾರೆ. ನನಗೆ ಇವತ್ತಿಗೂ ಆ ದೃಶ್ಯ ನೆನೆದರೆ ಬೇಜಾರಾಗುತ್ತದೆ.

ಆದ್ದರಿಂದ ಇವತ್ತಿನ ಮನೆಯಲ್ಲಿ ಗುಟ್ಟು ಎಲ್ಲಿಂದ ಸೋರುತ್ತದೆ ಅಂತ ಹುಡುಕಿ. ಫ್ಯಾಮಿಲಿ ಗ್ರೂಪಿಗೆ ತಪ್ಪಿ ಹೋದ ಮೆಸೇಜ್, ಡಿಲೀಟ್ ಮಾಡುವಷ್ಟರಲ್ಲಿ ಅತ್ತೆ ನೋಡಿದ್ದಾರೆ. ಅಪ್ಪನ ಮೊಬೈಲ್‌ಗೆ ಬಂದ ಓಟಿಪಿ. ಚಾರ್ಜಿಗೆ ಹಾಕಿದ ಫೋನ್ ಮೇಲೆ ಮೂಡಿ ಮರೆಯಾದ ಒಂದು ಹೆಸರು. ಇಂಥವು ಹತ್ತು ಸಿಕ್ಕರೆ ನಿಮಗೆ ಮೂರು ತಿಂಗಳ ಕತೆ ಸಿಕ್ಕಿತು ಅಂತಲೇ ತಿಳಿಯಿರಿ.

ಮುಂದುವರಿಸುವುದೋ, ಹೊಸದಾಗಿ ಶುರು ಮಾಡುವುದೋ ಅನ್ನುವುದನ್ನು ಮೊದಲೇ ತೀರ್ಮಾನಿಸಿ. 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ದ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೇ 2022ರಲ್ಲಿ ಸಿರಿ ಕನ್ನಡದಲ್ಲಿ 'ಮತ್ತೆ ಮಾಯಾಮೃಗ' ತಂದರು. ಹಿಂದಿಯ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ' 2025ರಲ್ಲಿ ಸ್ಮೃತಿ ಇರಾನಿಯವರನ್ನೇ ತುಳಸಿಯಾಗಿ ಇಟ್ಟುಕೊಂಡು ಮರಳಿತು. ಮುಂದುವರಿಸಿದರೆ ಕಲಾವಿದರ ವಯಸ್ಸೇ ನಿಮ್ಮ ಆಸ್ತಿ, ಅದನ್ನು ಮೇಕಪ್‌ನಲ್ಲಿ ಮುಚ್ಚಬೇಡಿ. ಹೊಸದಾಗಿ ಶುರು ಮಾಡಿದರೆ ಧೈರ್ಯವಾಗಿ ಮನೆಯನ್ನೇ ಬದಲಿಸಿ. 1975ರ ಅಮೆರಿಕದ ಸೀರಿಯಲ್ 'ಒನ್ ಡೇ ಅಟ್ ಎ ಟೈಮ್' ಡಿವೋರ್ಸ್ ಆದ ತಾಯಿ, ಇಬ್ಬರು ಹೆಣ್ಣುಮಕ್ಕಳ ಕತೆ. 2017ರಲ್ಲಿ ಅದು ಕ್ಯೂಬಾ ಮೂಲದ ಮನೆಯಾಯಿತು, ತಾಯಿ ಸೈನ್ಯದಿಂದ ಬಂದ ನರ್ಸ್, ಜೊತೆಗೆ ಒಬ್ಬ ಅಜ್ಜಿ. ಹಳೆಯ ಟೈಟಲ್ ಸಾಂಗನ್ನು ಬಿಡಲಿಲ್ಲ, ಗ್ಲೋರಿಯಾ ಎಸ್ಟೆಫಾನ್ ಹೊಸ ತಾಳದಲ್ಲಿ ಹಾಡಿದರು. ನೀವೂ ಹಾಡನ್ನು ಬಿಡಬೇಡಿ.

ಮಾತು ಬರೆಯುವಾಗ ಒಂದು ಎಚ್ಚರ. ಹಳೆಯ ಸೀರಿಯಲ್‌ಗಳಲ್ಲಿ ಮಗ ಅಪ್ಪನ ಹತ್ತಿರ ನೇರ ದುಡ್ಡು ಕೇಳುತ್ತಿರಲಿಲ್ಲ. ಅಪ್ಪ ಪೇಪರ್ ಓದುತ್ತಿರುತ್ತಾರೆ, ಅಮ್ಮ ಕಾಫಿ ಲೋಟ ಇಟ್ಟು 'ರೀ, ಅವನು ಏನೋ ಹೇಳಬೇಕಂತೆ' ಅನ್ನುತ್ತಾಳೆ. ಇದು ಇವತ್ತೂ ನಮ್ಮ ಮನೆಗಳಲ್ಲಿ ನಡೆಯುತ್ತಿದೆ ಅಲ್ವಾ? ಪೇಪರ್ ಹೋಗಿ ಮೊಬೈಲ್ ಬಂದಿದೆ, ಅಷ್ಟೇ. ಹೊಸ ಕಾಲ ಅಂತ ಎಲ್ಲರ ಬಾಯಲ್ಲೂ ಮನಸ್ಸಿನದ್ದನ್ನೆಲ್ಲ ಹೇಳಿಸಿಬಿಟ್ಟರೆ ಆ ಅಮ್ಮನಿಗೆ ಕೆಲಸವೇ ಇರುವುದಿಲ್ಲ.

ಶೂಟಿಂಗ್‌ಗೆ ಮೊದಲು ಕೊನೆಯ ಕಂತಿನ ಒನ್‌ಲೈನ್, ಅಂದರೆ ಅದರ ಕತೆಯ ಸಾರ, ಬರೆದಿಡಿ. ಟಿಆರ್‌ಪಿ ನೋಡಿ ಕತೆಯ ಒಂದು ಎಳೆಯನ್ನು ಇನ್ನಷ್ಟು ದಿನ ಎಳೆಯಿರಿ ಅನ್ನುವ ಒತ್ತಡ ಬಂದೇ ಬರುತ್ತದೆ, ಆಗ ವಾಪಸ್ ಬರಲು ದಾರಿ ಇರಬೇಕು.

ಮೊದಲ ಕಂತು ಎಡಿಟ್ ಆದ ಮೇಲೆ ಇಬ್ಬರನ್ನು ಕೂರಿಸಿ ತೋರಿಸಿ. ಹಳೆಯದನ್ನು ಒಂದು ದಿನವೂ ಬಿಡದೆ ನೋಡಿದ ಒಬ್ಬ ಅತ್ತೆಯೋ ದೊಡ್ಡಮ್ಮನೋ, ಅದರ ಹೆಸರೂ ಕೇಳದ ಒಬ್ಬ ಕಾಲೇಜು ಹುಡುಗಿ. ನೀವು ಟಿವಿ ಕಡೆ ನೋಡಬೇಡಿ, ಅವರಿಬ್ಬರ ಮುಖ ನೋಡಿ. ದೊಡ್ಡಮ್ಮ ಪಕ್ಕಕ್ಕೆ ಬಾಗಿ 'ಇವಳು ಯಾರು ಅಂದ್ರೆ...' ಅಂತ ವಿವರಿಸಲು ಶುರು ಮಾಡಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು, ಅವನ್ನು ಮತ್ತೆ ಬರೆಯಿರಿ.