ಹಾಯಿದೋಣಿಯ ಫ್ರಿಜ್: ನೀರಿಗೆ ದಾರಿ, ಗಾಳಿಗೆ ತಡೆ

ದೂರ ಪಯಣದ ಹಾಯಿದೋಣಿಗಳಲ್ಲಿ ಹೆಚ್ಚಾಗಿ ಇರುವುದು ಮನೆಯಲ್ಲಿರುವಂಥ ಫ್ರಿಜ್ ಅಲ್ಲ. ಅಡುಗೆಕಟ್ಟೆಯ ಕೆಳಗೆ ಆಳವಾದ ಫೈಬರ್‌ಗ್ಲಾಸ್ ಪೆಟ್ಟಿಗೆ, ಅದರ ಸುತ್ತ ಫೋಮ್, ಮೇಲೆ ಎತ್ತಿ ತೆಗೆಯುವ ಮುಚ್ಚಳ, ಒಳಗೆ ತಂಪು ಹುಟ್ಟಿಸುವ ಅಲ್ಯುಮಿನಿಯಂ ತಗಡು (ಇವಾಪರೇಟರ್), ಪಕ್ಕದ ಕಪಾಟಿನಲ್ಲಿ 12 ವೋಲ್ಟಿನ ಕಂಪ್ರೆಸರ್. ಮನೆಯ ಫ್ರಿಜ್‌ನಲ್ಲಿ ಕರಗಿದ ನೀರು ಹಿಂಬದಿಯ ತಟ್ಟೆಗೆ ಇಳಿದು ಕಂಪ್ರೆಸರ್ ಬಿಸಿಗೆ ಆರಿಹೋಗುತ್ತದೆ. ದೋಣಿಯ ಪೆಟ್ಟಿಗೆಗೆ ಆ ಏರ್ಪಾಡಿಲ್ಲ. ನೀರು ತಳದಲ್ಲಿ ನಿಲ್ಲುತ್ತದೆ, ಇಲ್ಲವೇ ತಳದ ತೂತಿನಿಂದ ಬಿಲ್ಜ್‌ಗೆ, ಅಂದರೆ ದೋಣಿಯ ಅಡಿಯಲ್ಲಿ ನೀರು ಸೇರುವ ಗುಂಡಿಗೆ, ಇಳಿಯುತ್ತದೆ. ಹಳೆಯ ದೋಣಿಗಳಲ್ಲಿ ಈ ತೂತು ಐಸ್ ಗಡ್ಡೆ ತುಂಬುತ್ತಿದ್ದ ಕಾಲದ್ದು. 20 ಕಿಲೊ ಐಸ್ ಕರಗಿದರೆ 20 ಲೀಟರ್ ನೀರು ಹೊರಗೆ ಹೋಗಲೇಬೇಕಿತ್ತು. ಮುಂದೆ ಕಂಪ್ರೆಸರ್ ಬಂತು, ತೂತು ಮಾತ್ರ ಹಾಗೇ ಉಳಿಯಿತು.

ನೀರು ಬರುವುದು ಎಲ್ಲಿಂದ

ಕಂಪ್ರೆಸರ್ ಫ್ರಿಜ್‌ನ ತಳದಲ್ಲಿ ನಿಲ್ಲುವ ನೀರು ಬಹುಪಾಲು ಹೊರಗಿನ ಗಾಳಿಯದು. ಮಲೇಷ್ಯಾದ ಲಂಗ್ಕಾವಿ, ಥಾಯ್ಲೆಂಡಿನ ಫುಕೆಟ್, ಅಂಡಮಾನ್, ಕೊಚ್ಚಿ ಇಂಥ ಕಡೆ 30 ಡಿಗ್ರಿ ಸೆಖೆಯಲ್ಲಿ, ಶೇಕಡ 80ರ ತೇವಾಂಶದಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 4 ಡಿಗ್ರಿಗೆ ತಣಿದ ಗಾಳಿ ಹಿಡಿದಿಟ್ಟುಕೊಳ್ಳುವುದು 6 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ಇವಾಪರೇಟರ್ ಮೇಲೆ ಹಿಮವಾಗಿ ಕೂರುತ್ತದೆ. 120 ಲೀಟರ್ ಪೆಟ್ಟಿಗೆಯ ಗಾಳಿ ಒಮ್ಮೆ ಪೂರ್ತಿ ಬದಲಾದರೆ ಒಳಬರುವ ನೀರು ಹತ್ತಿರ ಹತ್ತಿರ 2 ಗ್ರಾಂ. ದಿನಕ್ಕೆ 20 ಸಲ ತೆಗೆದು ಹಾಕಿದರೂ 40 ಗ್ರಾಂ, ವಾರಕ್ಕೆ 300 ಮಿಲಿಲೀಟರ್ ದಾಟುವುದಿಲ್ಲ. ಮೇಲ್ಮುಚ್ಚಳದ ಪೆಟ್ಟಿಗೆಯಲ್ಲಿ ಇದಕ್ಕಿಂತಲೂ ಕಡಿಮೆ, ಏಕೆಂದರೆ ತಣ್ಣನೆಯ ಗಾಳಿ ಭಾರ, ಮುಚ್ಚಳ ಎತ್ತಿದರೂ ಒಳಗೇ ಕೂತಿರುತ್ತದೆ. ಮುಂಬಾಗಿಲಿನ ಫ್ರಿಜ್‌ನಲ್ಲಿ ಅದು ಕಾಲಿನ ಮೇಲೆ ಸುರಿದುಹೋಗುತ್ತದೆ.

ಆದ್ದರಿಂದ ಸೊಪ್ಪು ತರಕಾರಿಯ ಪಸೆ ಸೇರಿಸಿಕೊಂಡು ವಾರಕ್ಕೆ ಅರ್ಧ ಲೀಟರ್ ನೀರು ಬಂದರೆ ಗಾಬರಿ ಬೇಡ. ಒಂದೂವರೆ, ಎರಡು ಲೀಟರ್ ಬರುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಅದು ಬರೀ ಒರೆಸುವ ಕೆಲಸವಲ್ಲ, ಬ್ಯಾಟರಿಯ ಖರ್ಚು. ಒಂದು ಲೀಟರ್ ನೀರಾಗುವಷ್ಟು ಆವಿಯನ್ನು ಹಿಮವಾಗಿಸಲು ಸುಮಾರು 780 ವ್ಯಾಟ್-ಅವರ್ ಶಾಖ ಹೊರಹಾಕಬೇಕು. ಸಣ್ಣ ಕಂಪ್ರೆಸರ್ ತಾನು ತಿನ್ನುವ ವಿದ್ಯುತ್ತಿನ ಒಂದೂವರೆ ಪಟ್ಟು ಶಾಖ ಹೊರಹಾಕುತ್ತದೆ ಎಂದುಕೊಂಡರೂ 12 ವೋಲ್ಟ್ ಬ್ಯಾಟರಿಯಿಂದ 43 ಆಂಪಿಯರ್-ಅವರ್ ಹೋಯಿತು.

ತಳದ ತೂತು

ಗಾಳಿ ನುಗ್ಗುವ ದೊಡ್ಡ ದಾರಿ ಇದೇ. ತಣ್ಣನೆಯ ಗಾಳಿ ತೂತಿನಿಂದ ಹಗಲೂ ರಾತ್ರಿ ಇಳಿದುಹೋಗುತ್ತದೆ, ಅಷ್ಟೇ ಪ್ರಮಾಣದ ತೇವದ ಗಾಳಿ ಮುಚ್ಚಳದ ಸಂದಿಯಿಂದ ಒಳಬರುತ್ತದೆ. ಐಸ್ ಗಡ್ಡೆ ಇಡುವುದಿಲ್ಲ, ಕಂಪ್ರೆಸರ್ ಮಾತ್ರ ಎಂದಾದರೆ ನಮ್ಮ ಸಲಹೆ ಸರಳ: ತೂತಿಗೆ ರಬ್ಬರ್ ಬಿರಡೆ ಜಡಿದು, ಎರಡು ದಿನಕ್ಕೊಮ್ಮೆ ಸ್ಪಂಜಿನಿಂದ ನೀರು ಹೀರಿ ತೆಗೆಯಿರಿ. ಅರ್ಧ ಲೀಟರ್ ನೀರಿಗೆ ಪಂಪು, ಸ್ವಿಚ್ಚು, ಪೈಪು ಜೋಡಿಸಿದರೆ ರಿಪೇರಿಗೆ ಬರುವ ಸಾಮಾನು ಹೆಚ್ಚಾಯಿತು ಅಷ್ಟೇ.

ಪೆಟ್ಟಿಗೆ ಕೈ ಎಟುಕದಷ್ಟು ಆಳವಿದ್ದರೆ, ಅಥವಾ ಆಗಾಗ ಐಸ್ ಹಾಕುವ ಅಭ್ಯಾಸವಿದ್ದರೆ, ತೂತಿನ ಕೆಳಗೆ ಡಬ್ಬಿ ಕಟ್ಟಿ:

1. ತೂತಿನ ಬಾಯಿಗೆ ಸ್ಟೀಲ್ ಜಾಲರಿ ಕೂರಿಸಿ. ಅನ್ನದ ಅಗುಳು, ಕೊತ್ತಂಬರಿ ಎಲೆ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಇಂಥವುಗಳಿಂದಲೇ ಪೈಪು ಕಟ್ಟಿಕೊಳ್ಳುವುದು.
2. 16 ಮಿಲಿಮೀಟರ್ ಒಳವ್ಯಾಸದ ಪಾರದರ್ಶಕ ಹೋಸ್ ಬಳಸಿ, ಎಲ್ಲೂ ಜೋತುಬೀಳದಂತೆ ಒಂದೇ ಇಳಿಜಾರಿನಲ್ಲಿ ಒಯ್ಯಿರಿ. 10 ಮಿಲಿಮೀಟರಿನದು ಸಾಕು ಎನಿಸಬಹುದು, ಆದರೆ ಲೋಳೆ ಕಟ್ಟಿದರೆ ಅದರಲ್ಲಿ ಹನಿ ಇಳಿಯುವುದಿಲ್ಲ.
3. ಪೆಟ್ಟಿಗೆಗಿಂತ ಕೆಳಗೆ, ಕೈಗೆ ಸಿಗುವ ಜಾಗದಲ್ಲಿ 2 ಲೀಟರಿನ ಎತ್ತರವಾದ ಪ್ಲಾಸ್ಟಿಕ್ ಡಬ್ಬಿಯನ್ನು ಪಟ್ಟಿ ಹಾಕಿ ಬಿಗಿಯಿರಿ.
4. ಡಬ್ಬಿಯ ಮುಚ್ಚಳದ ನಟ್ಟನಡುವೆ ತೂತು ಕೊರೆದು ಹೋಸ್ ಇಳಿಸಿ. ಅದರ ತುದಿ ಡಬ್ಬಿಯ ತಳದಿಂದ 1 ಸೆಂಟಿಮೀಟರ್ ಮೇಲಿರಲಿ. ಪಕ್ಕದಲ್ಲಿ ಗಾಳಿಯಾಡಲು 3 ಮಿಲಿಮೀಟರಿನ ಇನ್ನೊಂದು ತೂತು ಬೇಕು, ಅದಿಲ್ಲದಿದ್ದರೆ ನೀರು ಇಳಿಯದು.
5. ಹೋಸ್ ತುದಿ 3 ಸೆಂಟಿಮೀಟರ್ ಮುಳುಗುವಷ್ಟು ನೀರು ಮೊದಲೇ ಹಾಕಿಡಿ.

ಈ ಮುಳುಗಿದ ತುದಿಯೇ ಗಾಳಿಗೆ ತಡೆ. ಬಚ್ಚಲ ಪೈಪಿನ ಬಾಗಿನಲ್ಲಿ ನಿಂತ ನೀರು ಮಾಡುವ ಕೆಲಸವೇ ಇದೂ. ಹೋಸ್ ನಡುವೆ ಇರುವುದರಿಂದ ದೋಣಿ 20 ಡಿಗ್ರಿ ವಾಲಿದರೂ ತುದಿ ನೀರಿನಿಂದ ಹೊರಬರುವುದಿಲ್ಲ. ಡಬ್ಬಿ ಇಡಲು ಜಾಗವಿಲ್ಲವೆಂದು ಹೋಸನ್ನೇ ಬಾಗಿಸಿ ಇಂಗ್ಲಿಷಿನ ಯು ಆಕಾರ ಮಾಡುವುದಾದರೆ 8 ಸೆಂಟಿಮೀಟರ್ ಆಳ ಕೊಡಿ, ಆ ಬಾಗು ದೋಣಿಯ ಉದ್ದಕ್ಕೆ ಇರಲಿ. ಅಡ್ಡಕ್ಕಿದ್ದರೆ ದೋಣಿ ವಾಲಿದಾಗ ಒಂದು ಕಾಲು ಕೆಳಗಿಳಿದು ನೀರೆಲ್ಲ ಚೆಲ್ಲಿ, ತಡೆ ಬರಿದಾಗುತ್ತದೆ. ದೋಣಿ ಲಂಗರು ಹಾಕಿ ನಿಂತೇ ಇದ್ದರೂ ವಾರಗಟ್ಟಲೆ ನೀರು ಬೀಳದಿದ್ದರೆ ಬಾಗು ಒಣಗುತ್ತದೆ, ಆಗ ಒಂದು ಲೋಟ ನೀರು ಸುರಿಯಬೇಕು.

ಕೈಪಂಪು ಅಥವಾ ಕಾಲುಪಂಪು ಹಾಕುವವರು ನೀರನ್ನು ಸಿಂಕ್‌ಗೆ ಮೇಲಿನಿಂದ ಬೀಳುವಂತೆ ಬಿಡಿ. ಸಿಂಕ್‌ನ ಕೆಳಗೆ ಸಮುದ್ರಕ್ಕೆ ತೆರೆಯುವ ಪೈಪಿಗೆ ಟಿ ಆಕಾರದ ತುಂಡು ಜೋಡಿಸಿ ಫ್ರಿಜ್ ತೂತನ್ನು ಅದಕ್ಕೆ ಸೇರಿಸುವುದು ಸುಲಭವಾಗಿ ಕಾಣುತ್ತದೆ, ಮಾಡಲೇಬಾರದ ಕೆಲಸ ಅದೇ. ಫ್ರಿಜ್‌ನ ತಳ ಬಹುಪಾಲು ದೋಣಿಗಳಲ್ಲಿ ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ದೋಣಿ ಆ ಕಡೆ ವಾಲಿದರೆ ಸಮುದ್ರದ ನೀರು ಹಿಂದಕ್ಕೆ ಹರಿದು ಪೆಟ್ಟಿಗೆ ತುಂಬುತ್ತದೆ. ವಿದ್ಯುತ್ ಪಂಪು ಹಾಕಿದರೂ, ನೀರು ಏರಿದಾಗ ತಾನೇ ಪಂಪು ಓಡಿಸುವ ಫ್ಲೋಟ್ ಸ್ವಿಚ್ ಬೇಡ. ಹಾಲಿನ ಜಿಡ್ಡು ಹಿಡಿದು ಅದು ಅಂಟಿಕೊಳ್ಳುತ್ತದೆ.

ಬಿಲ್ಜ್‌ಗೆ ಬಿಡುವ ಬಗ್ಗೆಯೂ ಒಂದು ಮಾತು. ಹಾಲು, ಮೀನು, ಮಾಂಸದ ರಸ ಬೆರೆತ ನೀರು ಅಲ್ಲಿ ಕೊಳೆತರೆ ವಾರದೊಳಗೆ ಇಡೀ ಕ್ಯಾಬಿನ್ ನಾರುತ್ತದೆ. ಆಮೇಲೆ ಎಷ್ಟು ಸೋಪು ಹಾಕಿದರೂ ಮರದ ಸಂದಿಗಳಿಂದ ಆ ವಾಸನೆ ಬೇಗ ಬಿಡುವುದಿಲ್ಲ.

ಫೋಮ್ ಒದ್ದೆಯಾದರೆ

ಕಣ್ಣಿಗೆ ಕಾಣುವ ನೀರಿಗಿಂತ ಕಾಣದ ನೀರು ಹೆಚ್ಚು ಕಾಟ ಕೊಡುತ್ತದೆ. ಆವಿ ಬಿಸಿ ಕಡೆಯಿಂದ ತಣ್ಣನೆ ಕಡೆಗೆ ನುಗ್ಗುತ್ತದೆ. ಹೊರಗಿನಿಂದ ಫೋಮ್‌ನೊಳಗೆ ಹೊಕ್ಕು, ಒಳಪೆಟ್ಟಿಗೆಯ ಬೆನ್ನಿಗೆ ತಾಗಿ ನೀರಾಗಿ ಅಲ್ಲೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಪಾಲಿಯುರೆಥೇನ್ ಫೋಮ್ ನೀರು ಕುಡಿದು ಭಾರವಾಗುತ್ತದೆ, ಶಾಖ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಆವಿ ತಡೆಯುವ ಪದರ, ಅದು ಅಲ್ಯುಮಿನಿಯಂ ಫಾಯಿಲ್ ಇರಲಿ, ದಪ್ಪ ಪಾಲಿಥೀನ್ ಹಾಳೆ ಇರಲಿ, ಫೋಮ್‌ನ ಹೊರಮೈಗೆ ಬರಬೇಕು, ಅದರ ಕೂಡುಗಳಿಗೆಲ್ಲ ಟೇಪ್ ಅಂಟಿಸಿರಬೇಕು. ಹೊಸದಾಗಿ ಕಟ್ಟುವವರು 100 ಮಿಲಿಮೀಟರ್ ದಪ್ಪಕ್ಕೆ ಕಡಿಮೆ ಮಾಡಬೇಡಿ. ಬಿಳಿ ಥರ್ಮೋಕೋಲ್ ಬೇಡ, ಅದರ ಮಣಿಗಳ ನಡುವೆ ನೀರು ಇಳಿಯುತ್ತದೆ. ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ ಒಳ್ಳೆಯದು.

ಫೋಮ್ ಒದ್ದೆಯಾಗಿದೆ ಎಂಬ ಮೊದಲ ಸುಳಿವು ಪೆಟ್ಟಿಗೆಯ ಹೊರಮೈ ಬೆವರುವುದು, ಎರಡನೆಯದು ಕಂಪ್ರೆಸರ್ ವಿರಾಮವಿಲ್ಲದೆ ಓಡುವುದು. ಖಚಿತ ಮಾಡಿಕೊಳ್ಳಲು ಕಪಾಟಿನ ಕಡೆಯಿಂದ, ಪೆಟ್ಟಿಗೆಯ ತಳದ ಹತ್ತಿರ 8 ಮಿಲಿಮೀಟರಿನ ತೂತು ಕೊರೆಯಿರಿ. ಡ್ರಿಲ್ ಬಿಟ್ಟಿಗೆ 40 ಮಿಲಿಮೀಟರಿನಲ್ಲಿ ಟೇಪ್ ಸುತ್ತಿದ್ದರೆ ಒಳಪೆಟ್ಟಿಗೆ ಒಡೆಯುವ ಭಯವಿಲ್ಲ. ಫೋಮ್ ಅದಕ್ಕಿಂತ ತೆಳುವಾಗಿದೆ ಎಂಬ ಅನುಮಾನವಿದ್ದರೆ ಟೇಪನ್ನು ಬಿಟ್ಟಿನ ತುದಿಗೆ ಇನ್ನೂ ಹತ್ತಿರ ತನ್ನಿ. ಫ್ರಿಜ್‌ನ ಗ್ಯಾಸ್ ಪೈಪು, ಅಂದರೆ ಕಂಪ್ರೆಸರ್ ಮತ್ತು ಇವಾಪರೇಟರ್ ನಡುವಿನ ಪೈಪು, ಎಲ್ಲಿ ಹೋಗಿದೆ ಎಂದು ನೋಡಿಕೊಂಡೇ ಕೊರೆಯಿರಿ. ಬಂದ ಪುಡಿಯನ್ನು ಬೆರಳ ನಡುವೆ ಹಿಂಡಿ. ಒಣ ಫೋಮ್ ಪುಡಿಪುಡಿಯಾಗಿ ಉದುರುತ್ತದೆ, ಒದ್ದೆಯದು ಬೆರಳಿಗೆ ಮೆತ್ತಿಕೊಂಡು ನೀರು ಬಿಡುತ್ತದೆ. ಒದ್ದೆ ಫೋಮನ್ನು ಫ್ಯಾನ್ ಇಟ್ಟು ಒಣಗಿಸುತ್ತೇವೆಂದು ತಿಂಗಳು ಕಳೆಯಬೇಡಿ. ಕಿತ್ತು ಹೊಸದು ಹಾಕುವುದೇ ದಾರಿ.

ನೀರು ಫೋಮ್‌ಗೆ ಸೇರುವ ಇನ್ನೊಂದು ಜಾಗ ತಳದ ತೂತಿನ ಅಂಚು. ಪೈಪು ಹಾಯುವ ಕಡೆ ಬರಿ ಫೋಮ್ ಇದ್ದರೆ ಒಂದೊಂದು ಹನಿಯೂ ಅಲ್ಲೇ ಹೀರಿಹೋಗುತ್ತದೆ. ಹೋಸ್ ಕೂರುವ ಪೈಪಿನ ಹೊರವ್ಯಾಸ 20 ಮಿಲಿಮೀಟರ್ ಇದ್ದರೆ ತೂತನ್ನು 32ಕ್ಕೆ ದೊಡ್ಡದು ಮಾಡಿ, ಕೆಳಗೆ ಟೇಪ್ ಮುಚ್ಚಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ. ಅದು ಪೂರ್ತಿ ಗಡುಸಾದ ಮೇಲೆ ನಡುವೆ 20ರ ತೂತು ಕೊರೆಯಿರಿ. ಸುತ್ತ 6 ಮಿಲಿಮೀಟರ್ ಎಪಾಕ್ಸಿ ಗೋಡೆ ಉಳಿಯುತ್ತದೆ. ಗ್ಯಾಸ್ ಪೈಪು ಒಳಬರುವ ತೂತನ್ನು ಬ್ಯುಟೈಲ್ ಟೇಪಿನಿಂದ ತುಂಬಿ. ಫ್ರಿಜ್ ಕೂರಿಸುವವರು ಇದನ್ನು ತೆರೆದೇ ಬಿಟ್ಟಿರುವುದು ಅಪರೂಪವೇನಲ್ಲ.

ಮುಚ್ಚಳ, ಬೆವರುವ ಪೈಪು

ಗ್ಯಾಸ್ಕೆಟ್, ಅಂದರೆ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ, ಅದರ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಮುಚ್ಚಳದಡಿ ಸಿಕ್ಕಿಸಿ ಎಳೆಯಿರಿ, 10 ಸೆಂಟಿಮೀಟರಿಗೊಂದು ಕಡೆ. ಹಿಡಿತವಿಲ್ಲದೆ ಜಾರಿ ಬಂದ ಕಡೆ ಗಾಳಿಯೂ ಬರುತ್ತದೆ. ರಾತ್ರಿ ದೀಪವೆಲ್ಲ ಆರಿಸಿ ಒಳಗೆ ಟಾರ್ಚ್ ಹಚ್ಚಿಟ್ಟು ನೋಡಿದರೂ ಸಂದು ಕಾಣಿಸುತ್ತದೆ. ಮುಚ್ಚಳದ ಮೇಲ್ಮೈಯೇ ಬೆವರುತ್ತಿದ್ದರೆ ಅದರೊಳಗಿನ ಫೋಮ್ ತೆಳುವಾಗಿದೆ.

ಇವಾಪರೇಟರಿನಿಂದ ಕಂಪ್ರೆಸರ್‌ಗೆ ಮರಳುವ ದಪ್ಪ ತಾಮ್ರದ ಪೈಪು ತಣ್ಣಗಿರುತ್ತದೆ. ಅದು ಬೆವರಿ ಹನಿಹನಿಯಾಗಿ ಕಂಪ್ರೆಸರಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೇಲೆ ಬಿದ್ದರೆ ದುಬಾರಿ ರಿಪೇರಿ. ಎಸಿ ಮೆಕ್ಯಾನಿಕ್‌ಗಳು ಬಳಸುವ ಕಪ್ಪು ನೈಟ್ರೈಲ್ ರಬ್ಬರ್ ತೋಳನ್ನು, 9ರಿಂದ 13 ಮಿಲಿಮೀಟರ್ ದಪ್ಪದ್ದು, ಪೈಪಿನ ಉದ್ದಕ್ಕೂ ತೊಡಿಸಿ ಸೀಳಿದ ಅಂಚನ್ನು ಅಂಟಿನಿಂದ ಮುಚ್ಚಿ. ಬರೀ ಟೇಪ್ ಸುತ್ತಿದರೆ ಒಳಗೇ ಬೆವರುತ್ತದೆ.

ಹಿಮ ಕರಗಿಸುವುದು

ಹಿಮ 5 ಮಿಲಿಮೀಟರ್ ದಪ್ಪವಾಯಿತೆಂದರೆ ಕರಗಿಸುವ ಹೊತ್ತಾಯಿತು. ಬೆಳಿಗ್ಗೆ ಶುರುಮಾಡಿ, ಮತ್ತೆ ತಣಿಸುವ ಹೊರೆಯನ್ನು ಮಧ್ಯಾಹ್ನದ ಸೋಲಾರ್ ಹೊರುತ್ತದೆ. ಸಾಮಾನು ಹೊರತೆಗೆದು ಬೆಡ್‌ಶೀಟಿನಲ್ಲಿ ಸುತ್ತಿಡಿ, ಸ್ವಿಚ್ ಆರಿಸಿ, ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟು ಮುಚ್ಚಿ. ಅರ್ಧ ಗಂಟೆಯಲ್ಲಿ ಹಿಮ ಚಕ್ಕೆಚಕ್ಕೆಯಾಗಿ ಸಡಿಲುತ್ತದೆ, ಮರದ ಸಟ್ಟುಗದಿಂದ ಎಬ್ಬಿಸಿ. ಚಾಕು, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಗ್ಯಾಸ್ ಓಡುವ ನಾಳಗಳು ಆ ತಗಡಿನೊಳಗೇ ಇವೆ, ಒಂದು ಸಣ್ಣ ತೂತಾದರೆ ಮುಂದಿನ ಬಂದರಿನ ತನಕ ಫ್ರಿಜ್ ಇಲ್ಲ. ಕರಗಿದ ನೀರನ್ನು ಅಳತೆಯ ಲೋಟದಲ್ಲಿ ಅಳೆದು ದಿನಾಂಕದ ಸಮೇತ ಬರೆದಿಡಿ. ಆ ಅಂಕಿ ಏರತೊಡಗಿದರೆ ಗ್ಯಾಸ್ಕೆಟ್ಟನ್ನೋ ತಳದ ತೂತನ್ನೋ ನೋಡಬೇಕು.

ಒಳಗೆ ಒರೆಸಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ, ಅದನ್ನೇ ತಳದ ಹೋಸಿಗೂ ಸುರಿದು ಬ್ರಷ್ ಆಡಿಸಿ. ಬ್ಲೀಚ್ ಅಲ್ಯುಮಿನಿಯಂ ತಗಡನ್ನು ತಿನ್ನುತ್ತದೆ, ಹತ್ತಿರ ತರಬೇಡಿ.

ದಿನದಿನದ ಅಡುಗೆಯಲ್ಲಿ ಗಮನಿಸಬೇಕಾದ್ದು ಕಡಿಮೆ: ಸಾರು, ಪಲ್ಯ ಪೂರ್ತಿ ಆರಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲೇ ಒಳಗಿಡಿ, ತೊಳೆದ ಸೊಪ್ಪನ್ನು ನೀರು ಆರಿಸಿ ಕಾಗದದಲ್ಲಿ ಸುತ್ತಿ. ದೋಣಿಯನ್ನು ವಾರಗಟ್ಟಲೆ ಬಿಟ್ಟುಹೋಗುವಾಗ ಪೆಟ್ಟಿಗೆ ಒರೆಸಿ ಒಣಗಿಸಿ, ತಳದ ಬಿರಡೆ ತೆಗೆದು, ಡಬ್ಬಿ ತೊಳೆದು ಬೋರಲು ಹಾಕಿ, ಮುಚ್ಚಳದಡಿ ಒಂದು ಮರದ ತುಂಡು ಕೊಟ್ಟು ಎರಡು ಬೆರಳಷ್ಟು ತೆರೆದಿಡಿ. ಬಿಗಿಯಾಗಿ ಮುಚ್ಚಿ ಹೋದರೆ ಒಂದೇ ಮಳೆಗಾಲದಲ್ಲಿ ಗ್ಯಾಸ್ಕೆಟ್ಟಿನ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಬೇರೂರುತ್ತದೆ, ಆಮೇಲೆ ಗ್ಯಾಸ್ಕೆಟ್ ಬದಲಿಸುವುದೊಂದೇ ಉಳಿಯುವುದು.