ದೊಡ್ಡ ರಿವಾಲ್ವರ್ ಕೊಳ್ಳುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ

ದಾವಣಗೆರೆ, ಚಿತ್ರದುರ್ಗ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿ ಜಿಂಕೆ ಬೇಟೆಯ ಸೀಸನ್ ಹತ್ತಿರ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಯಾರೋ ಸಹೋದ್ಯೋಗಿ ದೊಡ್ಡ ರಿವಾಲ್ವರ್ ತೋರಿಸಿರುತ್ತಾನೆ, ಇವರಿಗೂ ಅಂಥದ್ದೇ ಬೇಕು ಅನಿಸಿರುತ್ತದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಲೈಸೆನ್ಸಿನ ಕೋವಿ ಇದೆ, ಬಂದೂಕಿನ ವಿಷಯ ಓದುವ ಹುಚ್ಚು ನನಗೆ ಮೊದಲಿಂದಲೂ ಇದೆ, ಅದು ಗೊತ್ತಿರುವುದರಿಂದ ಕೇಳುತ್ತಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: 'ಎಲ್ಲಕ್ಕಿಂತ ಪವರ್‌ಫುಲ್ ಯಾವುದು?' ಅದನ್ನು ಕೊನೆಗೆ ಕೇಳಿ ಅನ್ನುತ್ತೇನೆ. ನಿಮ್ಮ ಕೈ ಯಾವ ರಿವಾಲ್ವರನ್ನು ಸಲೀಸಾಗಿ ತಡೆದುಕೊಂಡು, ಇಟ್ಟ ಗುರಿಗೇ ಹೊಡೆಯುತ್ತದೋ ಅದೇ ನಿಮಗೆ ಸರಿಯಾದದ್ದು. ಅಂಗಡಿಯವನು ಎಷ್ಟು ದೊಡ್ಡ ನಂಬರ್ ಹೇಳಿದರೂ ಅಷ್ಟೇ.

ಊರಲ್ಲಿದ್ದು ಇದನ್ನು ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಗಳೂರು ಕಡೆಯ ಕೊಂಡುಕುರಿಯಾಗಲಿ ಜೋಗಿಮಟ್ಟಿಯ ಕಾಡಿನ ಪ್ರಾಣಿಯಾಗಲಿ ಹೊಡೆದರೆ ನೇರ ಜೈಲೇ. ಮೆಕ್ಕೆಜೋಳ ತಿಂದು ಹಾಳು ಮಾಡುವ ಕಾಡುಹಂದಿಗೂ ಅಷ್ಟೇ, ಅಧಿಕಾರಿಯ ಲಿಖಿತ ಆದೇಶ ಇಲ್ಲದೆ ಮುಟ್ಟುವಂತಿಲ್ಲ. ಬೆಳೆ ಹೋದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಹಾಗಾಗಿ ಬೇಟೆಯ ಮಾತೆಲ್ಲ ಬೇಟೆಗೆ ಅನುಮತಿ ಇರುವ ದೇಶದಲ್ಲಿರುವವರಿಗೆ. ಊರಿನವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ವೀಸಾ ನೋಡಿ

ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಎಚ್-1ಬಿ, ವಿದ್ಯಾರ್ಥಿ ವೀಸಾ, ಟೂರಿಸ್ಟ್ ವೀಸಾ ಇಂಥವುಗಳಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಗೆಳೆಯನ ಬಂದೂಕು ಕೈಗೆ ತೆಗೆದುಕೊಂಡರೂ ಅದು ಇಟ್ಟುಕೊಂಡಂತೆಯೇ ಲೆಕ್ಕ. ಇದಕ್ಕೆ ಕೆಲವು ವಿನಾಯಿತಿಗಳಿವೆ, ಮುಖ್ಯವಾದದ್ದು ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದನ್ನು ತೆಗೆದುಕೊಳ್ಳಿ, ಜೇಬಲ್ಲಿ ಇಟ್ಟುಕೊಳ್ಳಿ, ತಾರೀಕು ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅಂಗಡಿಯಲ್ಲಿ ರಿವಾಲ್ವರ್ ಕೊಳ್ಳೋಕೆ 21 ವರ್ಷ ಆಗಿರಬೇಕು, ನೀವು ವಾಸವಿರುವ ರಾಜ್ಯದಲ್ಲೇ ಕೊಳ್ಳಬೇಕು. ಕೆಲಸದ ವೀಸಾದಲ್ಲಿದ್ದು ಇಷ್ಟು ಸಣ್ಣ ವಿಷಯಕ್ಕೆ ಕೇಸು ಹಾಕಿಸಿಕೊಂಡರೆ ಇಲ್ಲಿ ಅಪ್ಪ-ಅಮ್ಮನ ನಿದ್ದೆಯೂ ಹೋಗುತ್ತದೆ, ಅಲ್ವಾ?

ರಾಜ್ಯಕ್ಕೊಂದು ಬೇಟೆ ನಿಯಮ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ತರಬೇತಿಯ ಕೋರ್ಸ್ ಮಾಡಬೇಕು, ಜಿಂಕೆಗೆ .22 ಥರದ ರಿಮ್‌ಫೈರ್ ಗುಂಡು (ತೋಟೆಯ ಅಂಚಿಗೆ ಬಡಿತ ಬಿದ್ದು ಸಿಡಿಯುವ ಸಣ್ಣ ಗುಂಡು) ಬಳಸುವಂತಿಲ್ಲ. ನಿಮ್ಮ ರಾಜ್ಯದ ಪುಸ್ತಿಕೆ ಓದದೆ ಮುಂದೆ ಹೋಗಬೇಡಿ. ಎಷ್ಟು ದೊಡ್ಡ ಗುಂಡು ಬೇಕು ಅನ್ನುವುದನ್ನು ಕೆಲವು ಕಡೆ ಆ ಪುಸ್ತಿಕೆಯೇ ಹೇಳಿಬಿಡುತ್ತದೆ.

ಗುಂಡಿನ ಗಾತ್ರ

ನಾಲ್ಕು ಮೆಟ್ಟಿಲು ಅಂದುಕೊಳ್ಳಿ. ಚುಕ್ಕಿಯ ಮುಂದಿನ ನಂಬರ್ ಹೆಚ್ಚುಕಮ್ಮಿ ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ; ಮ್ಯಾಗ್ನಮ್ ಅಂದರೆ ಜೋರು ಗುಂಡು. ಮೊದಲನೆಯದು .357 ಮ್ಯಾಗ್ನಮ್. ಅಮೆರಿಕದ ಬಂದೂಕು ಕಂಪನಿ ಸ್ಮಿತ್ ಅಂಡ್ ವೆಸ್ಸನ್ 1935ರಲ್ಲಿ ತಂದದ್ದು. ಸುಮಾರು 10 ಗ್ರಾಂ ಗುಂಡು, ಸೆಕೆಂಡಿಗೆ 380 ಮೀಟರ್ ಆಸುಪಾಸು ವೇಗ, 700 ಜೌಲ್‌ನಷ್ಟು ಶಕ್ತಿ. ಹತ್ತಿರದ ಜಿಂಕೆಗೆ ಸಾಕು, ಆದರೆ ಅಂಚಿಗೆ ಸಾಕು. ಎರಡನೆಯದು .44 ಮ್ಯಾಗ್ನಮ್, 1955ರದ್ದು. ಎಲ್ಮರ್ ಕೀತ್ ಅನ್ನುವ ಬೇಟೆಗಾರ-ಬರಹಗಾರ ವರ್ಷಗಟ್ಟಲೆ ಹಿಂದೆ ಬಿದ್ದು ಮಾಡಿಸಿದ ಗುಂಡು ಇದು. ಹದಿನೈದೂವರೆ ಗ್ರಾಂ, ಸೆಕೆಂಡಿಗೆ 400 ಮೀಟರ್, 1200 ಜೌಲ್ ಹತ್ತಿರ. ನಮ್ಮ ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ಗುಂಡು 150 ಜೌಲ್ ಸುತ್ತಮುತ್ತ ಇರುತ್ತದೆ, ಅಂದಾಜು ಸಿಕ್ಕಿತಲ್ಲ? ಮೂರನೆಯದು .454 ಕ್ಯಾಸುಲ್, 2000 ಜೌಲ್ ಮೇಲೆ. ನಾಲ್ಕನೆಯದರಲ್ಲಿ 2003ರಲ್ಲಿ ಬಂದ .500 ಮ್ಯಾಗ್ನಮ್, 2005ರ .460. .500ರಲ್ಲಿ 3000 ಜೌಲ್ ದಾಟುತ್ತದೆ, ಗುಂಡು ತುಂಬುವ, ತಿರುಗುವ ಸಿಲಿಂಡರಿನಲ್ಲಿ ಐದೇ ಗುಂಡು, ಉದ್ದ ಬ್ಯಾರಲ್ಲಿನ ರಿವಾಲ್ವರಿನ ತೂಕವೇ ಎರಡು ಕಿಲೋ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಿಂಕೆ, ಕಾಡುಹಂದಿಗೆ .44 ಸಾಕು, ಧಾರಾಳವಾಗಿ ಸಾಕು. .454 ಮತ್ತು ಮೇಲಿನವು ದೊಡ್ಡ ಕರಡಿ ಇರುವ ಕಾಡಿಗೆ, ಎಲ್ಕ್, ಮೂಸ್‌ನಂಥ ಭಾರೀ ಪ್ರಾಣಿಗೆ. ಟೆಕ್ಸಾಸ್‌ನ ತೋಟದಲ್ಲಿ ಹಂದಿ ಹೊಡೆಯೋಕೆ .500 ಕೊಂಡವರು ಮೊದಲ ತಿಂಗಳಾದ ಮೇಲೆ ಅದನ್ನು ಕಪಾಟಿನಿಂದ ಹೊರಗೆ ತೆಗೆಯುವುದೇ ಕಡಿಮೆ. ಮಣಿಕಟ್ಟು ನೋಯುತ್ತದೆ, ಒಂದೊಂದು ಗುಂಡಿನ ಬೆಲೆಯೂ ಡಾಲರ್‌ಗಟ್ಟಲೆ. ಅಭ್ಯಾಸ ನಿಲ್ಲುತ್ತದೆ. ಅಭ್ಯಾಸ ಇಲ್ಲದವನ ಕೈಯಲ್ಲಿ 3000 ಜೌಲ್ ಇದ್ದರೆ ಗಾಯಗೊಂಡು ಓಡಿಹೋಗುವ ಪ್ರಾಣಿಯೇ ಜಾಸ್ತಿ, ಅದು ಪಾಪದ ಕೆಲಸ.

ಇನ್ನೊಂದು ಒಳ್ಳೆಯ ಲೆಕ್ಕ ಇದೆ. ಈ ದೊಡ್ಡ ರಿವಾಲ್ವರುಗಳಲ್ಲಿ ಕೈಗೆ ಕಡಿಮೆ ಒದೆಯುವ ಮೆದು ಗುಂಡೂ ಹಾಕಬಹುದು. .357ರಲ್ಲಿ .38 ಸ್ಪೆಷಲ್, .44 ಮ್ಯಾಗ್ನಮ್‌ನಲ್ಲಿ .44 ಸ್ಪೆಷಲ್, .454ರಲ್ಲಿ 1873ರಿಂದ ಇರುವ .45 ಕೋಲ್ಟ್. .460ರಲ್ಲಿ ಮೂರು ಥರ ಹೋಗುತ್ತದೆ: ಅದರದ್ದೇ, .454, .45 ಕೋಲ್ಟ್. ಶನಿವಾರ ರೇಂಜಿನಲ್ಲಿ ಖುಷಿಗೆ ಹೊಡೆಯೋಕೆ ಮೆದು ಗುಂಡು, ಸೀಸನ್ನಿಗೆ ಗಟ್ಟಿ ಗುಂಡು. ಆದರೆ ಮೆದು ಗುಂಡು ಗಿಡ್ಡ, ಅದನ್ನು ಹೊಡೆದ ಮೇಲೆ ಸಿಲಿಂಡರಿನಲ್ಲಿ ಗುಂಡು ಕೂರುವ ಕೋಣೆಯ ಒಳಗೆ ಮಸಿಯ ಉಂಗುರ ಕಟ್ಟುತ್ತದೆ, ಬ್ರಷ್ ಹಾಕಿ ತೆಗೆಯದಿದ್ದರೆ ಉದ್ದ ಗುಂಡು ಬಿಗಿಯಾಗುತ್ತದೆ. ಇದನ್ನೇ ಉಲ್ಟಾ ಮಾಡಲು ಮಾತ್ರ ಹೋಗಬೇಡಿ, ಮೆದು ಗುಂಡಿನ ರಿವಾಲ್ವರಿನೊಳಗೆ ಮ್ಯಾಗ್ನಮ್‌ನಂಥ ಜೋರು ಗುಂಡು ಹಾಕುವಂತಿಲ್ಲ.

ತೂಕ, ಬ್ಯಾರಲ್, ಹಿಡಿ

ಹಗುರ ರಿವಾಲ್ವರ್ ಅಂಗಡಿಯಲ್ಲಿ ಚೆಂದ, ರೇಂಜಿನಲ್ಲಿ ಕಷ್ಟ. ಅದೇ ಗುಂಡನ್ನು ಭಾರದ ರಿವಾಲ್ವರಿನಿಂದ ಹೊಡೆದರೆ ಒದೆತ ಕಡಿಮೆ. .44ಕ್ಕೆ 1.3ರಿಂದ 1.5 ಕಿಲೋ ಇದ್ದರೆ ಹಿತ. ರುಗರ್ ಕಂಪನಿಯ ಸೂಪರ್ ರೆಡ್‌ಹಾಕ್ ಏಳೂವರೆ ಇಂಚಿನ ಬ್ಯಾರಲ್ಲಿನದು ಒಂದೂವರೆ ಕಿಲೋ ತೂಗುತ್ತದೆ, ಸ್ಕೋಪ್ ಕೂರಿಸೋಕೆ ಜಾಗವೂ ಇದೆ. ಬೇಟೆಗೆ ಬ್ಯಾರಲ್ ಆರರಿಂದ ಏಳೂವರೆ ಇಂಚು ಇರಲಿ: ಗುಂಡಿಗೆ ವೇಗ ಸಿಗುತ್ತದೆ, ಗುರಿ ನೋಡುವ ಹಿಂದಿನ-ಮುಂದಿನ ಸೈಟ್ ನಡುವೆ ಅಂತರ ಜಾಸ್ತಿಯಾಗಿ ಗುರಿಯ ತಪ್ಪು ಕಡಿಮೆಯಾಗುತ್ತದೆ. ನಾಲ್ಕು ಇಂಚಿನದು ಸೊಂಟಕ್ಕೆ ಕಟ್ಟಿಕೊಂಡು ಓಡಾಡೋಕೆ.

ಸಿಂಗಲ್ ಆಕ್ಷನ್, ಡಬಲ್ ಆಕ್ಷನ್ ಅಂತ ಎರಡು ಜಾತಿ. ಸಿಂಗಲ್ ಆಕ್ಷನ್ ಅಂದರೆ ಗುಂಡಿಗೆ ಬಡಿಯುವ ಹಿಂದಿನ ಹ್ಯಾಮರನ್ನು ಪ್ರತಿ ಸಲ ಹೆಬ್ಬೆರಳಿನಿಂದ ಎಳೆಯಬೇಕು, ಗುಂಡು ಒಂದೊಂದಾಗಿ ತುಂಬಬೇಕು. ರುಗರ್‌ನ ಸೂಪರ್ ಬ್ಲ್ಯಾಕ್‌ಹಾಕ್ ಈ ಥರದ್ದು. ಬೆಲೆ ಕಡಿಮೆ, ಗಟ್ಟಿಮುಟ್ಟು, ಒದೆತಕ್ಕೆ ಹಿಡಿ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ. ಕೆಲವರ ಕೈಗೆ ಅದೇ ಸುಖ, ಕೆಲವರಿಗೆ ಗೆಣ್ಣಿಗೆ ಬಡಿಯುತ್ತದೆ. ಡಬಲ್ ಆಕ್ಷನ್‌ನಲ್ಲಿ ಟ್ರಿಗರ್ ಒತ್ತಿದರೆ ಹ್ಯಾಮರ್ ತಾನೇ ಹಿಂದೆ ಹೋಗಿ ಬಡಿಯುತ್ತದೆ. ಆದರೂ ಬೇಟೆಯಲ್ಲಿ ಅದನ್ನೂ ಹ್ಯಾಮರ್ ಎಳೆದೇ ಹೊಡೆಯಿರಿ, ಟ್ರಿಗರ್ ಆಗ ಬಹಳ ಹಗುರ. ಇನ್ನು ಹಿಡಿ. ಬೆರಳು ಟ್ರಿಗರ್‌ಗೆ ಸಲೀಸಾಗಿ ಮುಟ್ಟಬೇಕು, ಬ್ಯಾರಲ್ ನಿಮ್ಮ ಮುಂಗೈಗೆ ನೇರವಾಗಿ ನಿಲ್ಲಬೇಕು. ನಮ್ಮಂಥ ಸಣ್ಣ ಕೈಯವರಿಗೆ .500ರ ಫ್ರೇಮ್ ಹಿಡಿಯೋದೇ ಕಷ್ಟ. ಅದಕ್ಕೇ ಹೇಳುವುದು, ಕೊಳ್ಳುವ ಮೊದಲು ಬಾಡಿಗೆಗೆ ತೆಗೆದುಕೊಂಡು ಹೊಡೆಯಿರಿ ಅಂತ. ಅಮೆರಿಕದ ಎಷ್ಟೋ ರೇಂಜುಗಳಲ್ಲಿ ಈ ಸೌಲಭ್ಯ ಇದೆ.

ಕೈ ಸುಳ್ಳು ಹೇಳುತ್ತದೆಯಾ?

ತಂಗಿಯ ಮಗ ಗ್ರೀನ್ ಕಾರ್ಡ್ ಇರುವವನು, ಅವನ ಜೊತೆ ಟೆಕ್ಸಾಸ್‌ನ ಒಂದು ರೇಂಜಿಗೆ ಹೋಗಿದ್ದೆ. ನಾನು ಟೂರಿಸ್ಟ್ ವೀಸಾದವನು, ಬಂದೂಕು ಮುಟ್ಟಲಿಲ್ಲ, ಗೆರೆಯ ಹಿಂದೆ ನಿಂತು ನೋಡಿದೆ. ಅವನ .44 ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಬೀಳುತ್ತಿದ್ದವು. ರಿವಾಲ್ವರ್ ಸರಿ ಇಲ್ಲ ಅಂದ. ಪಕ್ಕದಲ್ಲಿದ್ದ ತರಬೇತುದಾರ ಏನೂ ಹೇಳದೆ ರಿವಾಲ್ವರ್ ಇಸ್ಕೊಂಡ, ಇವನಿಗೆ ಬೆನ್ನು ಮಾಡಿ ಮೂರು ನಿಜವಾದ ಗುಂಡು, ಮೂರು ಡಮ್ಮಿ ಗುಂಡು ಕಲೆಸಿ ತುಂಬಿ, ಸಿಲಿಂಡರ್ ತಿರುಗಿಸಿ ವಾಪಸ್ ಕೊಟ್ಟ. ಮೊದಲನೆಯದು ಢಂ ಅಂತು. ಎರಡನೆಯದು ಬರೀ ಟಿಕ್. ಸದ್ದಿಲ್ಲ, ಒದೆತ ಇಲ್ಲ, ಆದರೂ ಬ್ಯಾರಲ್ಲಿನ ತುದಿ ಮೂರು ಬೆರಳಿನಷ್ಟು ಕೆಳಗೆ ಕುಸಿಯಿತು. ಹುಡುಗ ತನ್ನ ಕೈಯನ್ನೇ ನೋಡುತ್ತ ನಿಂತ. ಒದೆತ ಬರುತ್ತದೆ ಅಂತ ಕೈ ಮೊದಲೇ ಹೆದರಿ ಕೆಳಕ್ಕೆ ತಳ್ಳುತ್ತಿತ್ತು. ಆಮೇಲೆ .44 ಸ್ಪೆಷಲ್ ಹಾಕಿಕೊಂಡು ಅದೇ ಆಟ ಆಡಿಸಿದರು, ಟಿಕ್ ಅಂದಾಗ ತುದಿ ಅಲುಗದೆ ನಿಲ್ಲುವವರೆಗೆ.

ಈ ಪರೀಕ್ಷೆ ನೀವೂ ಮಾಡಿ. ಯಾವ ಗುಂಡಿಗೆ ತುದಿ ಕುಸಿಯುತ್ತದೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗಿನದು ಕೊಳ್ಳಿ. ಆಮೇಲೆ ಊಟದ ತಟ್ಟೆಯ ಗಾತ್ರದ ಗುರಿ ಇಟ್ಟು, ಕೂತು, ನಿಂತು, ಕೋಲಿಗೆ ಆನಿಸಿ ಹೊಡೆದು ನೋಡಿ. ಎಷ್ಟು ದೂರದವರೆಗೆ ಪ್ರತಿ ಗುಂಡೂ ತಟ್ಟೆಯೊಳಗೇ ಬೀಳುತ್ತದೋ ಅದೇ ನಿಮ್ಮ ಬೇಟೆಯ ದೂರ. ಸಾದಾ ಸೈಟಿನಲ್ಲಿ ಬಹಳ ಜನರಿಗೆ ಅದು 50 ಮೀಟರ್ ಒಳಗೇ. ರಿವಾಲ್ವರಿಗೆ ಅಂತಲೇ ಮಾಡಿದ ಸ್ಕೋಪ್ ಅಥವಾ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಹಾಕಿದರೆ ಹೆಚ್ಚುತ್ತದೆ. ರೈಫಲ್ಲಿನ ಸ್ಕೋಪ್ ಹಾಕಬೇಡಿ, ಕೈ ಚಾಚಿ ಹಿಡಿದಾಗ ಅದರಲ್ಲಿ ಏನೂ ಕಾಣುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ

ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿ. ಇನ್ನೊಂದು ಸಲ ನೋಡಿ. ಆಮೇಲೆ ಹ್ಯಾಮರ್ ನಿಧಾನಕ್ಕೆ ಎಳೆಯಿರಿ: ಅದು ಪೂರ್ತಿ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ಕೂಡ ಟಕ್ ಅಂತ ಕಚ್ಚಿಕೊಂಡಿರಬೇಕು. ಪ್ರತಿ ಕೋಣೆಗೂ ಹೀಗೇ ನೋಡಿ, ಒಂದು ಕೋಣೆ ಸೋಮಾರಿಯಾದರೂ ಬೇಡ. ಸಿಲಿಂಡರನ್ನು ಹಿಂದೆ-ಮುಂದೆ ಅಲುಗಾಡಿಸಿ, ಕಣ್ಣಿಗೆ ಕಾಣುವಷ್ಟು ಆಡಬಾರದು. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವಿನ ಸಂದು 0.1ರಿಂದ 0.2 ಮಿಲಿಮೀಟರ್ ಇದ್ದರೆ ಸರಿ, ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ನೋಡುವ ಫೀಲರ್ ಗೇಜ್ ಇದಕ್ಕೆ ಸಾಕು. ಹೊಡೆಯುವಾಗ ಆ ಸಂದಿನಿಂದ ಬಿಸಿ ಗ್ಯಾಸ್ ಚಿಮ್ಮುತ್ತದೆ. ದೊಡ್ಡ ಮ್ಯಾಗ್ನಮ್‌ನಲ್ಲಿ ಹೆಬ್ಬೆರಳು ಅಲ್ಲಿಟ್ಟರೆ ಚರ್ಮ, ಮಾಂಸ ಎರಡೂ ಹೋಗುತ್ತವೆ. ಎರಡು ಕೈಯ ಬೆರಳೂ ಸಿಲಿಂಡರಿನ ಹಿಂದೆಯೇ ಇರಬೇಕು.

ಗುಂಡಿನ ವಿಷಯ. ಜಿಂಕೆಗೆ ಬಾಯಿ ತೆರೆದು ಹಿಗ್ಗುವ ಗುಂಡು ಆಗುತ್ತದೆ. ಗಂಡು ಹಂದಿಯ ಭುಜದ ಮೇಲೆ ದಪ್ಪ ಗಟ್ಟಿ ಚರ್ಮದ ಕವಚ ಇರುತ್ತದೆ, ಅದಕ್ಕೆ ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡು ಒಳಗೆ ಇಳಿಯುತ್ತದೆ. ಇನ್ನೊಂದನ್ನು ಗಮನಿಸಿ: ಜೋರು ಒದೆತದಲ್ಲಿ ಉಳಿದ ಗುಂಡುಗಳ ಸೀಸ ತೋಟೆಯಿಂದ ಸ್ವಲ್ಪ ಸ್ವಲ್ಪ ಮುಂದೆ ಜರುಗಿ, ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುವುದುಂಟು. ಹೊಸ ಬ್ರ್ಯಾಂಡ್ ತಂದರೆ ಒಂದನ್ನು ಬಿಟ್ಟು ಉಳಿದವನ್ನು ಹೊಡೆದು, ಆ ಕೊನೆಯದನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿ. ಉದ್ದವಾಗಿದ್ದರೆ ಆ ಗುಂಡು ಬೇಟೆಗೆ ಬೇಡ.

ಕಿವಿ! ಮ್ಯಾಗ್ನಮ್ ಸದ್ದು 160 ಡೆಸಿಬಲ್ ದಾಟುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ. ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ. ಕನ್ನಡಕವೂ ಇರಲಿ.

ಊರಿಗೆ ಬರುವಾಗ ಬ್ಯಾಗಿನ ಪ್ರತಿ ಜೇಬನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ರೇಂಜಿಗೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ಗುಂಡು ಉಳಿದಿದ್ದರೂ ನಮ್ಮ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಬೇಟೆಗೆ ಬೇರೆ ಬ್ಯಾಗ್, ಊರಿಗೆ ಬೇರೆ ಬ್ಯಾಗ್.

ಊರಲ್ಲೇ ಇರುವವರಿಗೆ

ಈ ಮ್ಯಾಗ್ನಮ್‌ಗಳು ಇಲ್ಲಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಬೇಜಾರು ಬೇಡ. ಸೇನೆಯ 9 ಎಂಎಂ, .380, .455 ಗುಂಡು ಹಿಡಿಸುವ ಪಿಸ್ತೂಲು-ರಿವಾಲ್ವರ್ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಗಾತ್ರ. ನಮಗೆ ಹೆಚ್ಚಾಗಿ ಸಿಗುವುದು .32 ಮತ್ತು .22. ಕಾನ್ಪುರದ ನಿರ್ಭೀಕ್ ಅನ್ನುವ .32 ರಿವಾಲ್ವರ್ 2014ರಲ್ಲಿ ಬಂತು, ಅರ್ಧ ಕಿಲೋ ತೂಕ. 2023ರಲ್ಲಿ ಬಂದ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ತುಂಬೋದು ಸುಲಭ. .32 ಅಂದರೆ ಸಣ್ಣದು ಅಂತ ಮೂಗು ಮುರಿಯಬೇಡಿ. 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಜಗತ್ತಿನ ಶೂಟರ್‌ಗಳು ಹೆಚ್ಚಾಗಿ ಬಳಸುವುದೇ .32. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994 ಮತ್ತು 2006ರ ಏಷ್ಯನ್ ಗೇಮ್ಸ್‌ನಲ್ಲಿ ಆ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದರು.

ಲೈಸೆನ್ಸಿಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ. ಪೊಲೀಸ್ ವರದಿ, ಬಂದೂಕು ತರಬೇತಿಯ ಪ್ರಮಾಣಪತ್ರ ಬೇಕು. ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ, ಪೇಪರ್ ನೋಡುತ್ತಿರಿ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಐದು ವರ್ಷಕ್ಕೆ. ಅಜ್ಜನಿಂದ ಬಂದ ಕೋವಿಯೂ ಆ ಎರಡರಲ್ಲೇ ಲೆಕ್ಕ, ಹೊಸದಕ್ಕೆ ಅರ್ಜಿ ಹಾಕುವ ಮೊದಲು ಮನೆಯಲ್ಲಿ ಯಾರ ಹೆಸರಿನಲ್ಲಿ ಏನಿದೆ ನೋಡಿಕೊಳ್ಳಿ. ಮಕ್ಕಳಿಗೆ ಶುರು ಮಾಡಿಸುವುದಾದರೆ .177 ಏರ್ ಪಿಸ್ತೂಲ್, 10 ಮೀಟರ್ ಗುರಿ. ಟ್ರಿಗರ್ ಕಲಿಯೋಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ನಿಮಗೆ ಗೊತ್ತೇ ಇದೆ. ಕೊಡುವ ಮೊದಲು ಬ್ಯಾರಲ್, ಪ್ರತಿ ಕೋಣೆ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ, ನಂಬರ್ ಬರೆಸಿದ ರಸೀದಿ ತೆಗೆದುಕೊಳ್ಳಿ. ಚರ್ಮದ ಚೀಲದಲ್ಲಿ ಹಾಕಿ ಕೊಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಎರಡು ತಿಂಗಳಲ್ಲಿ ತುಕ್ಕು ಬರುತ್ತದೆ.